ಬೆಳಗಾವಿಯಲ್ಲಿ ಮರದ ಸ್ಪಾರ್ ಕಟ್ಟಿದ ನನ್ನ ಅನುಭವ

ವಿಮಾನ ಕಟ್ಟುತ್ತಿದ್ದೇನೆ ಅಂದ ಕೂಡಲೇ ಎಲ್ಲರೂ ಇಂಜಿನ್ ಬಗ್ಗೆ ಕೇಳುತ್ತಾರೆ. ಇಂಜಿನ್ ನಿಂತರೂ ತೇಲಿಕೊಂಡು ಇಳಿಯಬಹುದು. ಸ್ಪಾರ್ ಮುರಿದರೆ ಇಳಿಯುವ ಮಾತೇ ಇಲ್ಲ. ಅದಕ್ಕೇ ನನ್ನ ಒಂಟಿ ಸೀಟಿನ ವಿಮಾನದಲ್ಲಿ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಸ್ಪಾರ್‌ಗೆ.

ಸ್ಪಾರ್ ಅಂದರೆ ರೆಕ್ಕೆಯೊಳಗೆ ಉದ್ದಕ್ಕೂ ಹೋಗುವ ತೊಲೆ. ನನ್ನದು ಪೆಟ್ಟಿಗೆ ಥರದ್ದು. ಮೇಲೊಂದು, ಕೆಳಗೊಂದು ಮರದ ಪಟ್ಟಿ, ಅವಕ್ಕೆ ಕ್ಯಾಪ್ ಅನ್ನುತ್ತೇವೆ. ಎರಡೂ ಬದಿಗೆ ತೆಳು ಪ್ಲೈವುಡ್. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ಕ್ಯಾಪ್ ಒತ್ತಿಕೊಳ್ಳುತ್ತದೆ, ಕೆಳಗಿನದು ಜಗ್ಗಿಕೊಳ್ಳುತ್ತದೆ. ಮರ ಜಗ್ಗಾಟ ತಡೆದಷ್ಟು ಒತ್ತಡ ತಡೆಯುವುದಿಲ್ಲ, ಹಾಗಾಗಿ ಮೇಲಿನ ಕ್ಯಾಪ್ ದಪ್ಪ. ಪ್ಲೈವುಡ್ಡಿನ ನಾರು 45 ಡಿಗ್ರಿ ಓರೆಯಾಗಿ ಕೂರಬೇಕು. ಇದೆಲ್ಲ ನಕ್ಷೆಯಲ್ಲೇ ಇರುತ್ತದೆ. ಅದರಲ್ಲಿ ಕೈಯಾಡಿಸಬೇಡಿ.

ಮರ ಸ್ಪ್ರೂಸ್, ಪೈನ್ ಕುಟುಂಬದ ಹಗುರ ಮರ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೂ ಇದನ್ನೇ ಬಳಸಿದ್ದರು. ರಂಧಾ ಹೊಡೆಯಲು ಬಂದ ಬಡಿಗೇರ ಕಾಕಾಗೆ ಇದು ಒಪ್ಪಿಗೆಯಾಗಲಿಲ್ಲ. "ಖಾನಾಪುರದ ಸಾಗವಾನಿ ಇರೂವಾಗ ಈ ಬಿಳಿ ಕಟಗಿ ಯಾಕ್ರಿ ಸಾಹೇಬ್ರ?" ಅಂದರು. ಅವರ ಮಾತು ಬಾಗಿಲಿಗೆ, ಮಂಚಕ್ಕೆ ಸರಿ. ಆದರೆ ಸಾಗವಾನಿ ಒಂದು ಘನ ಮೀಟರ್‌ಗೆ ಸುಮಾರು 650 ಕೆಜಿ ತೂಗಿದರೆ ಸ್ಪ್ರೂಸ್ 430ರ ಆಸುಪಾಸು. ಜೊತೆಗೆ ಸಾಗವಾನಿಯಲ್ಲಿ ಎಣ್ಣೆಯಂಶ ಇದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕಾಕಾ ಒಂದು ತುಂಡು ಕೈಯಲ್ಲಿ ತೂಗಿ ನೋಡಿ, "ಹಗೂರ ಐತ್ರಿಪಾ" ಅಂದು ಕೆಲಸಕ್ಕೆ ಕೂತರು.

ಪ್ರತಿ ಹಲಗೆಯ ನಾರನ್ನೂ ನೋಡಬೇಕು. 15 ಇಂಚು ಉದ್ದಕ್ಕೆ 1 ಇಂಚಿಗಿಂತ ಜಾಸ್ತಿ ನಾರು ಓರೆಯಾದರೆ ಆ ಹಲಗೆ ಸ್ಪಾರ್‌ಗೆ ಬೇಡ. ಕಣ್ಣಿಗೆ ನೇರ ಕಂಡಿದ್ದೆಲ್ಲ ನೇರ ಇರುವುದಿಲ್ಲ. ಹಲಗೆ ಮೇಲೆ ಪೆನ್ನಿನ ಮಸಿಯ ಒಂದು ಹನಿ ಬಿಡಿ. ಅದು ನಾರಿನ ಜಾಡು ಹಿಡಿದು ಸಣ್ಣ ಗೆರೆಯಾಗಿ ಹರಿಯುತ್ತದೆ. ಆ ಗೆರೆಯ ಮೇಲೆ ಸ್ಕೇಲ್ ಇಟ್ಟರೆ ಓರೆ ಎಷ್ಟು ಅಂತ ಗೊತ್ತಾಗುತ್ತದೆ. ಒಂದು ಇಂಚಿನಲ್ಲಿ ಕನಿಷ್ಠ 6 ಬೆಳವಣಿಗೆ ಉಂಗುರಗಳೂ ಇರಬೇಕು.

ನಮ್ಮ ಊರಲ್ಲಿ ಅಂಟಿನ ಕೆಲಸಕ್ಕೆ ತಿಂಗಳು ನೋಡಿಯೇ ಕೈಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ, ತೇವ ಗೊತ್ತಲ್ವಾ? ಅಂಟಿಸುವಾಗ ಮರದ ತೇವಾಂಶ ಶೇ 8ರಿಂದ 12ರೊಳಗೆ ಇರಬೇಕು. ನಾನು ಫೆಬ್ರವರಿ, ಮಾರ್ಚ್ ಇಟ್ಟುಕೊಂಡೆ. ಒಂದು ಚೂರು ತೂಗಿ, ಓವನ್‌ನಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗಿ ಲೆಕ್ಕ ಹಾಕಿದೆ.

ಅಂಟುವ ಮುಖವನ್ನು ಹರಿತವಾದ ರಂಧಾದಿಂದ ಆಗಷ್ಟೇ ಹೆರೆದಿರಬೇಕು. ಪಾಲಿಶ್ ಪೇಪರ್ ಹಚ್ಚಿದರೆ ಪುಡಿ ಮರದ ರಂಧ್ರಗಳಲ್ಲಿ ಕೂತುಬಿಡುತ್ತದೆ. ನಾನು ಬಳಸಿದ ಎಪಾಕ್ಸಿ ಅಂಟಿಗೆ ಕ್ಲ್ಯಾಂಪ್ ಹದವಾಗಿ ಬಿಗಿದರೆ ಸಾಕು. ಜೋರಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಒಳಗೆ ವಾರ್ನಿಶ್ ಹೊಡೆಯಿರಿ, ಅಂಟುವ ಜಾಗಕ್ಕೆ ಮಾತ್ರ ಟೇಪ್ ಹಾಕಿ ಬಿಡಿ.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಮಾದರಿ ತುಂಡುಗಳಲ್ಲಿ. ಅಂಟು ಕಲಸಿದಾಗಲೆಲ್ಲ ಅದೇ ಬಟ್ಟಲಿನಿಂದ ಅದೇ ಮರದ ಎರಡು ಚೂರು ಅಂಟಿಸಿ, ಮೇಲೆ ದಿನಾಂಕ, ಉಷ್ಣಾಂಶ ಬರೆದಿಟ್ಟೆ. ಗಟ್ಟಿಯಾದ ಮೇಲೆ ವೈಸ್‌ಗೆ ಹಿಡಿಸಿ ಸುತ್ತಿಗೆಯಿಂದ ಹೊಡೆಯುವುದು. ಮುರಿದ ಎರಡೂ ಮುಖದಲ್ಲಿ ಕಿತ್ತು ಬಂದ ಮರದ ನಾರು ಕಾಣಬೇಕು. ನುಣ್ಣಗೆ ಹೊಳೆಯುವ ಅಂಟಿನ ಪದರ ಕಂಡರೆ ಆ ಬಟ್ಟಲಿನ ಅಂಟು ಹಚ್ಚಿದ ಜೋಡಣೆಯನ್ನೆಲ್ಲ ತಿರಸ್ಕರಿಸಲೇಬೇಕು. ಇಲ್ಲಿ ಮನಸ್ಸು ಮೆತ್ತಗಾಗಬಾರದು.

ಕೊನೆಗೆ ಭಾರದ ಪರೀಕ್ಷೆ. ಹಾರುವಾಗ ಬಾಗುವ ಹಾಗೆಯೇ ಬಾಗಲಿ ಅಂತ ಸ್ಪಾರ್ ತಲೆಕೆಳಗಾಗಿ ಕಟ್ಟಿ, ಮರಳಿನ ಚೀಲಗಳನ್ನು ಬುಡದ ಕಡೆ ಜಾಸ್ತಿ, ತುದಿಗೆ ಕಡಿಮೆ ಇಡುತ್ತಾ ಹೋದೆ. ಚೀಲಗಳನ್ನು ಅಂದಾಜಿನ ಮೇಲೆ ಇಡಬೇಡಿ. ಹಸಿ ಮರಳು ತೂಕದಲ್ಲಿ ಮೋಸ ಮಾಡುತ್ತದೆ, ಒಂದೊಂದನ್ನೂ ತಕ್ಕಡಿಗೆ ಹಾಕಿ. ಹಾರಬೇಕಾದ ಸ್ಪಾರ್ ಮೇಲೆ ನಕ್ಷೆ ಹೇಳುವ ಮಿತಿ ಭಾರಕ್ಕಿಂತ, ಅಂದರೆ ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರಕ್ಕಿಂತ, ಮುಂದೆ ಹೋಗುವಂತಿಲ್ಲ. ಚೀಲ ಇಳಿಸಿದ ಮೇಲೆ ತುದಿ ಮೊದಲಿನ ಗುರುತಿಗೇ ವಾಪಸ್ ಬಂತು. ಆ ಅಳತೆಗಳನ್ನೂ ಮಾದರಿ ತುಂಡುಗಳನ್ನೂ ಜೋಪಾನವಾಗಿ ಇಟ್ಟಿದ್ದೇನೆ. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅವರ ಮುಂದೆ ಇವನ್ನೇ ಇಡುವುದು.