ಮನೆ ಕೊಳ್ಳುವ ಮುನ್ನ ಕಟ್ಟಡದ ತಪಾಸಣೆ: ಏನನ್ನು ನಿರೀಕ್ಷಿಸಬೇಕು, ಹೇಗೆ ಬಳಸಿಕೊಳ್ಳಬೇಕು

ಮನೆ ನೋಡಲು ಹೋದಾಗ ನಮ್ಮ ಗಮನವೆಲ್ಲ ಗಾಳಿ ಬೆಳಕು, ಕೋಣೆಗಳ ಅಳತೆ, ಅಡುಗೆಮನೆಯ ಅನುಕೂಲ ಇವುಗಳ ಮೇಲೆಯೇ ಇರುತ್ತದೆ. ಗೋಡೆ, ಚಾವಣಿ, ಪಾಯ, ಕೊಳವೆ, ವೈರಿಂಗ್‌ಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ತಿಳಿಯಲು ಪಳಗಿದ ಕಣ್ಣು ಬೇಕು. ಅನುಭವವುಳ್ಳ ಸಿವಿಲ್ ಇಂಜಿನಿಯರ್ ಅಥವಾ ಇದರಲ್ಲೇ ತರಬೇತಿ ಪಡೆದ ತಪಾಸಕರೊಬ್ಬರು ಮನೆಯನ್ನು ಒಳಗೂ ಹೊರಗೂ ಕ್ರಮವಾಗಿ ಪರೀಕ್ಷಿಸಿ, ಕಂಡದ್ದನ್ನು ಚಿತ್ರಗಳ ಸಮೇತ ವರದಿಯಾಗಿ ಬರೆದುಕೊಡುವುದೇ ಮನೆಯ ತಪಾಸಣೆ. ಸಾಧಾರಣ ಗಾತ್ರದ ಮನೆಗೆ 2ರಿಂದ 4 ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿ ಹೊರಟವರು ತಾರಸಿಯನ್ನೂ ಸ್ವಿಚ್ ಬೋರ್ಡುಗಳನ್ನೂ ಸರಿಯಾಗಿ ನೋಡಿರಲಾರರು.

ಈ ಪರೀಕ್ಷೆ ಕಣ್ಣಿಗೆ ಕಾಣುವಷ್ಟಕ್ಕೆ ಸೀಮಿತವೆಂಬುದನ್ನು ಮೊದಲೇ ತಿಳಿದಿರಬೇಕು. ತಪಾಸಕರು ಗೋಡೆ ಒಡೆಯುವುದಿಲ್ಲ, ನೆಲಹಾಸು ಕೀಳುವುದಿಲ್ಲ, ಭಾರವಾದ ಬೀರುಗಳನ್ನು ಸರಿಸುವುದಿಲ್ಲ. ಮನೆಯ ಬೆಲೆ ನ್ಯಾಯವಾದದ್ದೇ, ಆಸ್ತಿಯ ಕಾಗದಪತ್ರಗಳು ಸರಿಯಾಗಿವೆಯೇ ಎಂಬುದು ಅವರ ಕೆಲಸವಲ್ಲ. ಅವಕ್ಕೆ ಮೌಲ್ಯಮಾಪಕರೂ ವಕೀಲರೂ ಬೇರೆ ಇದ್ದಾರೆ. ಬಾವಿ ನೀರಿನ ಗುಣಮಟ್ಟ, ನೆಲದಡಿಯ ಒಳಚರಂಡಿ ಕೊಳವೆ, ಗೆದ್ದಲು, ಹಳೆಯ ಕಟ್ಟಡಗಳಲ್ಲಿನ ಕಲ್ನಾರು (ಆಸ್ಬೆಸ್ಟಾಸ್) ಇವುಗಳಿಗೆ ಹೆಚ್ಚಿನ ಕಡೆ ಪ್ರತ್ಯೇಕ ಪರೀಕ್ಷೆ ಮಾಡಿಸಬೇಕಾಗುತ್ತದೆ. ಆದ್ದರಿಂದ ಶುಲ್ಕ ಗೊತ್ತುಮಾಡುವಾಗಲೇ ಏನೇನು ನೋಡುತ್ತಾರೆ, ಏನನ್ನು ಬಿಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ತಪಾಸಕರನ್ನು ನೀವೇ ಹುಡುಕಿಕೊಳ್ಳುವುದು ಒಳ್ಳೆಯದು. ಮಾರುವವರೋ ಮಧ್ಯವರ್ತಿಯೋ ಸೂಚಿಸಿದವರು ಪ್ರಾಮಾಣಿಕರೇ ಆಗಿದ್ದರೂ, ವ್ಯವಹಾರ ಕುದುರಲಿ ಎಂದು ಬಯಸುವವರ ಕಡೆಯಿಂದ ಬಂದವರಿಗೆ ಕಠಿಣವಾದ ಮಾತನ್ನು ಬರೆಯುವುದು ಕಷ್ಟ. ಕಂಡ ದೋಷಗಳನ್ನು ತಾವೇ ದುರಸ್ತಿ ಮಾಡಿಕೊಡುತ್ತೇವೆ ಎನ್ನುವವರನ್ನೂ ದೂರವಿಡಿ. ಹಿಂದೆ ಬರೆದ ಒಂದು ವರದಿಯ ಮಾದರಿಯನ್ನು, ಹೆಸರು ವಿಳಾಸಗಳನ್ನು ತೆಗೆದು, ತೋರಿಸುವಂತೆ ಕೇಳಿ. ಅದರಲ್ಲಿ ಚಿತ್ರ, ಸ್ಥಳ, ಕಾರಣ, ಮುಂದಿನ ಕ್ರಮ ಇವೆಲ್ಲ ಸ್ಪಷ್ಟವಾಗಿವೆಯೇ ಎಂದು ನೋಡಿದರೆ ಅವರ ಕೆಲಸದ ಮಟ್ಟ ಗೊತ್ತಾಗುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು ಸಮಯ. ಮುಂಗಡ ಹಣ ಕೈಬಿಟ್ಟ ಮೇಲೆ ಬಂದ ವರದಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ತಪಾಸಣೆಯಲ್ಲಿ ದೊಡ್ಡ ದೋಷ ಕಂಡುಬಂದರೆ ಮುಂಗಡವನ್ನು ಹಿಂದೆ ಪಡೆದು ಒಪ್ಪಂದದಿಂದ ಹೊರಬರಬಹುದೆಂಬ ಷರತ್ತು, ಅದಕ್ಕೆ ಇಷ್ಟು ದಿನಗಳ ಅವಧಿ ಎಂಬ ನಮೂದಿನೊಡನೆ, ಕರಾರಿನಲ್ಲೇ ಇರಬೇಕು.

ತಪಾಸಣೆಯ ದಿನ ಮನೆಯಲ್ಲಿ ನೀರು, ವಿದ್ಯುತ್ ಎರಡೂ ಇರಬೇಕು, ಎಲ್ಲ ಕೋಣೆಗಳ ಬೀಗದ ಕೈಗಳು ಸಿಗಬೇಕು, ತಾರಸಿಗೋ ಅಟ್ಟಕ್ಕೋ ಹತ್ತಲು ಏಣಿ ಇರಬೇಕು. ನೀವು ಖಂಡಿತವಾಗಿ ಜೊತೆಯಲ್ಲಿರಿ. ವರದಿಯಲ್ಲಿ ‘ಪೂರ್ವದ ಗೋಡೆಯಲ್ಲಿ ತೇವವಿದೆ’ ಎಂಬ ಒಂದು ಸಾಲು ಓದುವುದಕ್ಕೂ ತಪಾಸಕರ ಪಕ್ಕದಲ್ಲಿ ನಿಂತು ಆ ಗೋಡೆಯನ್ನು ಮುಟ್ಟಿ ನೋಡಿ, ಇದು ಎಲ್ಲಿಂದ ಬಂತು, ಎಷ್ಟು ಗಂಭೀರ, ನೀವಾದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಒಳ್ಳೆಯ ತಪಾಸಕರು ಹೆಚ್ಚು ಹೊತ್ತು ಕಳೆಯುವುದು ನೀರಿನ ಜಾಡು ಹಿಡಿಯುವುದರಲ್ಲಿ. ಮನೆಯ ದುಬಾರಿ ದೋಷಗಳಲ್ಲಿ ಬಹುಪಾಲಿಗೆ ಮೂಲ ನೀರೇ. ಅವರು ಹೊರಗಿನಿಂದ ಆರಂಭಿಸುತ್ತಾರೆ: ಗೋಡೆಯ ಬುಡದಿಂದ ನೆಲ ಹೊರಕ್ಕೆ ಇಳಿಜಾರಾಗಿದೆಯೇ, ಅಥವಾ ಮಳೆನೀರು ಪಾಯದ ಕಡೆಗೇ ಹರಿದು ಬರುತ್ತದೆಯೇ? ಮೊದಲ 3 ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಇಳಿತವಿದ್ದರೆ ಒಳ್ಳೆಯದೆಂಬುದು ರೂಢಿಯ ಲೆಕ್ಕ. ಬಳಿಕ ತಾರಸಿ. ಅಲ್ಲಿ ನೀರು ನಿಂತ ಕಲೆಗಳು, ಕಟ್ಟಿಕೊಂಡ ಕೊಳವೆಯ ಬಾಯಿ, ತಾರಸಿಯೂ ಸುತ್ತುಗೋಡೆಯೂ ಕೂಡುವ ಮೂಲೆ, ತೊಟ್ಟಿಯ ಬುಡ ಇವು ಸೋರಿಕೆಗೆ ಹೆಸರಾದ ಜಾಗಗಳು. ಹೆಂಚಿನ ಚಾವಣಿಯಾದರೆ ಒಡೆದ ಹೆಂಚು, ಚಾವಣಿ ಗೋಡೆಗೆ ಸೇರುವ ಸಂದು, ಒಳಗಿನ ಮರದ ಮೇಲಿನ ಕಪ್ಪು ಗುರುತುಗಳನ್ನು ನೋಡುತ್ತಾರೆ.

ಒಳಗೆ ಬಂದ ಮೇಲೆ ತೇವವಿರುವ ಎತ್ತರವೇ ಅದರ ಮೂಲವನ್ನು ಸೂಚಿಸುತ್ತದೆ. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಪಟ್ಟಿಯಂತೆ ಹಬ್ಬಿ, ಬಣ್ಣ ಉದುರಿಸಿ, ಬಿಳಿಯ ಉಪ್ಪನ್ನು ಹೊರಹಾಕುವ ತೇವ ಸಾಮಾನ್ಯವಾಗಿ ಮಣ್ಣಿನಿಂದ ಮೇಲೇರಿದ್ದು. ಚಾವಣಿಯಲ್ಲಿ ಅಂಚು ಕಂದಾಗಿ ಉಂಗುರದಂತೆ ಕಾಣುವ ಕಲೆ ಮೇಲಿನ ಸೋರಿಕೆಯ ಗುರುತು. ಸ್ನಾನದ ಮನೆಯ ಹಿಂಬದಿಯ ಗೋಡೆ ಒದ್ದೆಯಾಗಿದ್ದರೆ ಕೊಳವೆಯ ಮೇಲೆಯೋ ಟೈಲ್ಸ್ ಸಂದಿಯ ಮೇಲೆಯೋ ಅನುಮಾನ ಪಡಬೇಕು. ಉಳಿದೆಲ್ಲ ಕಡೆ ಹಳೆಯ ಬಣ್ಣವಿದ್ದು ಒಂದು ಮೂಲೆಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಕಾರಣ ಕೇಳದೆ ಬಿಡಬೇಡಿ. ತೇವಮಾಪಕ ಎಂಬ ಪುಟ್ಟ ಉಪಕರಣ ಇಲ್ಲಿ ನೆರವಾಗುತ್ತದೆ. ಸಾಧ್ಯವಿದ್ದರೆ ಮಳೆ ಬಂದ ಮರುದಿನವೇ ತಪಾಸಣೆ ಇಟ್ಟುಕೊಳ್ಳಿ. ಬೇಸಗೆಯಲ್ಲಿ ಎಷ್ಟೋ ಸೋರಿಕೆಗಳು ಒಣಗಿ ಮರೆಯಾಗಿರುತ್ತವೆ.

ಬಿರುಕು ಕಂಡೊಡನೆ ಹೆದರುವುದು ಬೇಡ. ಗಾರೆ ಒಣಗುವಾಗ ಕೂದಲೆಳೆಯಂಥ ಬಿರುಕುಗಳು ಬಿಡುವುದು ಸಹಜ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಸಾಗುವ, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಏರುವ, ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಅಗಲವಾಗಿರುವ ಬಿರುಕುಗಳು ಪಾಯ ಒಂದೆಡೆ ಹೆಚ್ಚು ಕುಸಿದಿರುವುದನ್ನು ಸೂಚಿಸಬಹುದು. ಬಿರುಕು 5 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಅಥವಾ ಅದೇ ಕಡೆ ಬಾಗಿಲುಗಳೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಕಟ್ಟಡದ ಬಲವನ್ನು ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಂದುವರಿಯಬಾರದು. ಬಿರುಕು ಹಳೆಯದಾಗಿ ನಿಂತುಹೋಗಿದೆಯೋ ಇನ್ನೂ ಬೆಳೆಯುತ್ತಿದೆಯೋ ಎಂಬುದೇ ನಿಜವಾದ ಪ್ರಶ್ನೆ, ಆದರೆ ಅದಕ್ಕೆ ಒಂದೇ ಭೇಟಿಯಲ್ಲಿ ಉತ್ತರ ಸಿಗುವುದು ಅಪರೂಪ.

ಕಾಂಕ್ರೀಟಿನ ತೊಲೆ, ಕಂಬ, ಸಜ್ಜಗಳ ಅಡಿಭಾಗವನ್ನು ಟಾರ್ಚ್ ಹಿಡಿದು ನೋಡಬೇಕು. ಕಬ್ಬಿಣದ ಸರಳು ತುಕ್ಕು ಹಿಡಿದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸರಳಿನ ಉದ್ದಕ್ಕೂ ಬಿಟ್ಟ ಬಿರುಕು, ಕಂದು ಕಲೆ, ಉದುರಿದ ಚಕ್ಕೆ ಇವೇ ಅದರ ಲಕ್ಷಣಗಳು. ಮೇಲೆ ಗಾರೆ ಮೆತ್ತಿ ಮುಚ್ಚಿದರೂ ತುಕ್ಕು ನಿಲ್ಲುವುದಿಲ್ಲವಾದ್ದರಿಂದ, ಅಂಥ ಹೊಸ ತೇಪೆಗಳನ್ನು ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳುವುದು ವಾಡಿಕೆ.

ವಿದ್ಯುತ್ತಿನ ವಿಷಯದಲ್ಲಿ ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಹರಿಸುವ ವ್ಯವಸ್ಥೆ, ನಿಜವಾಗಿ ಇದೆಯೇ ಎಂಬುದೇ ಮೊದಲ ಪರೀಕ್ಷೆ. ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ಥಿಂಗ್ ತಂತಿ ಇದೆಯೆಂದು ನಂಬುವಂತಿಲ್ಲ. ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನ, ಅಂದರೆ ಸಾಮಾನ್ಯವಾಗಿ 30 ಮಿಲಿಆಂಪಿಯರಿನ ಆರ್‌ಸಿಡಿ, ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆಯೇ ಎಂದು ನೋಡಿಸಿ. ಸ್ವಿಚ್ ಬೋರ್ಡಿನ ಮೇಲಿನ ಸುಟ್ಟ ಗುರುತು ಚಿಕ್ಕದಾದರೂ ಅಪಾಯದ ಸೂಚನೆ. ನೀರಿನ ಪರೀಕ್ಷೆಯನ್ನು ನೀವೂ ಮಾಡಬಹುದು: ಎರಡು ಮೂರು ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ರಭಸ ಎಷ್ಟು ಇಳಿಯುತ್ತದೆಂದು ನೋಡಿ, ನಂತರ ಎಲ್ಲವನ್ನೂ ಮುಚ್ಚಿ ನೀರಿನ ಮೀಟರಿನ ಮುಳ್ಳನ್ನು ಗಮನಿಸಿ. ತೊಟ್ಟಿಗಳೂ ತುಂಬಿದ ಮೇಲೆ ಮುಳ್ಳು ಚಲಿಸುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಮರದ ಚೌಕಟ್ಟುಗಳಲ್ಲಿ ಗೆದ್ದಲಿನ ಮಣ್ಣಿನ ಗೂಡುದಾರಿ, ತಟ್ಟಿದರೆ ಪೊಳ್ಳೆನಿಸುವ ಭಾಗ ಕಂಡರೆ ಕೀಟತಜ್ಞರನ್ನು ಕರೆಸಬೇಕು.

ಹೊಸ ಮನೆಗೆ ಇದೆಲ್ಲ ಏಕೆ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಹೊಸ ಮನೆಗೂ ಅಷ್ಟೇ ಅಗತ್ಯ. ಹಳೆಯ ಮನೆ ಹಲವು ಮಳೆಗಾಲಗಳನ್ನು ಕಂಡು ತನ್ನ ದೋಷಗಳನ್ನು ತೋರಿಸಿರುತ್ತದೆ. ಹೊಸ ಮನೆಯ ದೋಷಗಳು ಇನ್ನೂ ಬಣ್ಣದ ಹಿಂದೆಯೇ ಇರುತ್ತವೆ.

ವರದಿ ಕೈಗೆ ಬಂದಾಗ ಅದರ ಉದ್ದ ನೋಡಿ ಎದೆಗುಂದಬೇಡಿ, ಏಕೆಂದರೆ ಚೆನ್ನಾಗಿರುವ ಮನೆಯಲ್ಲೂ ಹತ್ತಾರು ಅಂಶಗಳು ದಾಖಲಾಗುತ್ತವೆ. ಸಡಿಲವಾದ ಚಿಲಕ, ಸೀಳಿದ ಟೈಲ್ಸ್ ಇವುಗಳನ್ನು ಬದಿಗಿಟ್ಟು, ಜೀವಕ್ಕೆ ಅಪಾಯ ತರುವವು, ಕಟ್ಟಡದ ಬಲವನ್ನು ಕುಗ್ಗಿಸುವವು, ಬಿಟ್ಟಷ್ಟೂ ಖರ್ಚು ಬೆಳೆಸುವವು ಯಾವುವೆಂದು ತಪಾಸಕರಿಂದಲೇ ಗುರುತು ಹಾಕಿಸಿಕೊಳ್ಳಿ. ಆ ಕೆಲವಕ್ಕೆ ದುರಸ್ತಿಗಾರರಿಂದ ಲಿಖಿತ ಅಂದಾಜು ತರಿಸಿ, ಕರಾರಿನ ಅವಧಿಯೊಳಗೆ ಮಾರುವವರೊಡನೆ ಮಾತಾಡಿ. ದುರಸ್ತಿ ಮಾಡಿಕೊಡಿ ಎನ್ನುವುದಕ್ಕಿಂತ ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳುವುದು ಹಲವು ಸಲ ಮೇಲು, ಏಕೆಂದರೆ ಮನೆ ಬಿಟ್ಟುಹೋಗುವವರು ಮಾಡಿಸುವ ಕೆಲಸ ಆದಷ್ಟು ಅಗ್ಗದ್ದಾಗಿರುತ್ತದೆ. ಅವರೇ ಮಾಡಿಸುವುದೆಂದು ಒಪ್ಪಿಗೆಯಾದರೆ ಯಾವ ಕೆಲಸ, ಯಾವ ಸಾಮಗ್ರಿ, ಯಾವ ದಿನಾಂಕದೊಳಗೆ ಎಂಬುದನ್ನು ಬರೆಸಿಕೊಂಡು, ಕೆಲಸ ಮುಗಿದ ಮೇಲೆ ಅದೇ ತಪಾಸಕರನ್ನು ಮತ್ತೊಮ್ಮೆ ಕರೆತಂದು ತೋರಿಸಿ, ಅವರು ಒಪ್ಪಿದ ನಂತರವೇ ಬಾಕಿ ಹಣ ಕೊಡಿ.