ರಾತ್ರಿ ಹಕ್ಕಿ ಗಾಬರಿ ಬಿದ್ದರೆ ಏನು ಮಾಡಬೇಕು, ಬೀಳದ ಹಾಗೆ ಹೇಗೆ ನೋಡಿಕೊಳ್ಳಬೇಕು

ರಾತ್ರಿ ಎರಡು ಗಂಟೆಗೆ ಪಂಜರದಿಂದ ಪಟಪಟ, ಧಡಬಡ ಅಂತ ಸದ್ದು ಬಂದರೆ ಓಡಿಹೋಗಿ ಹಕ್ಕಿಯ ಮುಖಕ್ಕೆ ಲೈಟ್ ಬಿಡಬೇಡಿ. ಕೈಯನ್ನಂತೂ ಒಳಗೆ ಹಾಕಲೇಬೇಡಿ. ಮೊದಲು ದೂರದಿಂದಲೇ ಮಾತಾಡಿಸಿ. ದಿನಾ ಹೇಗೆ ಕರೆಯುತ್ತೀರೋ ಹಾಗೆಯೇ, ಅದೇ ದನಿಯಲ್ಲಿ.

ನಾನು ಎರಡೂ ತಪ್ಪು ಮಾಡಿದವನು. ನಮ್ಮ ಮನೆ ಚಿಕ್ಕಮಗಳೂರಿನಿಂದ ಕೈಮರದ ಕಡೆ ಹೋಗುವ ರಸ್ತೆ ಪಕ್ಕದಲ್ಲಿದೆ. ಒಂದು ಜೋಡಿ ಕಾಕಟೀಲ್ (ತಲೆ ಮೇಲೆ ಜುಟ್ಟಿರುವ ಗಿಳಿ ಜಾತಿಯ ಹಕ್ಕಿ), ನಾಲ್ಕು ಬಡ್ಜಿ (ಅದಕ್ಕಿಂತ ಸಣ್ಣ ಗಿಳಿ) ಸಾಕಿದ್ದೇನೆ. (ಅಂಗಡಿಯವರು ಬಡ್ಜಿಗೇ ಲವ್ ಬರ್ಡ್ಸ್ ಅನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬೇರೆಯೇ ಹಕ್ಕಿ.) ಒಂದು ಜುಲೈ ರಾತ್ರಿ ಮಳೆ ಹೊಯ್ಯುತ್ತಿತ್ತು, ಕರೆಂಟ್ ಹೋಯಿತು, ಗಂಡು ಕಾಕಟೀಲ್ ಹುಚ್ಚು ಹಿಡಿದ ಹಾಗೆ ಪಂಜರದ ಸರಳಿಗೆ ಬಡಿದುಕೊಳ್ಳತೊಡಗಿತು. ನಾನು ಮೊಬೈಲ್ ಟಾರ್ಚ್ ಹಾಕಿಕೊಂಡು ಹೋಗಿ ಹಿಡಿಯಲು ಕೈ ಹಾಕಿದೆ. ಇನ್ನೂ ಜೋರಾಯಿತು. ಬೆಳಿಗ್ಗೆ ನೋಡಿದರೆ ತಟ್ಟೆಯ ಪೇಪರ್ ಮೇಲೆ ರಕ್ತ, ರೆಕ್ಕೆಯ ಎರಡು ಗರಿ ಮುರಿದಿದ್ದವು.

ಅದಕ್ಕೆ ಕತ್ತಲು ಕಂಡರೆ ಹೆದರಿಕೆ ಅಂತ ಆಗ ಅಂದುಕೊಂಡಿದ್ದೆ. ಅದಲ್ಲ. ಕಾಕಟೀಲ್, ಬಡ್ಜಿ ಎರಡೂ ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಂಡಾಗಿ ಇರುವ ಹಕ್ಕಿಗಳು. ಏನೋ ಬಂತು ಅನ್ನಿಸಿದರೆ ಮೊದಲು ಹಾರುವುದು, ಆಮೇಲೆ ನೋಡುವುದು. ಬಯಲಿನಲ್ಲಿ ಆ ಬುದ್ಧಿ ಸರಿ, ಎರಡಡಿ ಪಂಜರದಲ್ಲಿ ಅಲ್ಲ. ಕತ್ತಲಲ್ಲಿ ಅವಕ್ಕೆ ಸರಿಯಾಗಿ ಕಾಣುವುದೂ ಇಲ್ಲ, ಹಾಗಾಗಿ ಹಾರಿದ ಮೇಲೆ ಕೂರುವ ಕೋಲು ಎಲ್ಲಿದೆ ಅಂತ ಮತ್ತೆ ಗೊತ್ತಾಗುವುದಿಲ್ಲ. ಈ ರಾತ್ರಿ ಗಾಬರಿ ಬಡ್ಜಿಗಿಂತ ಕಾಕಟೀಲ್‌ನಲ್ಲಿ ಜಾಸ್ತಿ. ಅಂದರೆ ಹೆದರಿಸುವುದು ಕತ್ತಲಲ್ಲ, ಕತ್ತಲಲ್ಲಿ ದಿಢೀರನೆ ಆಗುವ ಏನೋ ಒಂದು. ಅದು ಯಾವುದು ಅಂತ ನಿಮ್ಮ ಮನೆಯಲ್ಲೇ ಹುಡುಕಬೇಕು.

ಹುಡುಕುವುದು ಹೇಗೆ? ಒಂದು ರಾತ್ರಿ ಎಲ್ಲ ಲೈಟ್ ಆರಿಸಿ ಪಂಜರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಮೊಬೈಲ್ ಬೇಡ. ಆಶ್ಚರ್ಯ ಆಗುತ್ತದೆ. ನಮ್ಮಲ್ಲಿ ಫ್ರಿಜ್ಜಿನ ಮೋಟಾರು ಗಕ್ಕನೆ ಶುರುವಾಗುತ್ತಿತ್ತು, ಹಲ್ಲಿ ಲೊಚಗುಟ್ಟುತ್ತಿತ್ತು, ಹೆಂಚಿನ ಕೆಳಗೆ ಇಲಿ ಓಡುತ್ತಿತ್ತು. ಗಾಬರಿ ಆದ ದಿನ, ಹೊತ್ತು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ಸುಮಾರು ಸಲ ಶನಿವಾರ, ಭಾನುವಾರದ ನಸುಕೇ! ಮುಳ್ಳಯ್ಯನಗಿರಿ ಕಡೆ ಹೊರಟ ಗಾಡಿಗಳ ಹೆಡ್‌ಲೈಟ್ ನಮ್ಮ ಕಿಟಕಿಯಿಂದ ಒಳಗೆ ಬಂದು, ಪಂಜರದ ಸರಳುಗಳ ನೆರಳು ಗೋಡೆ ಮೇಲೆ ಸರ್ರನೆ ಓಡುತ್ತಿತ್ತು. ಹಕ್ಕಿಯ ಜಾಗದಲ್ಲಿ ನಾನಿದ್ದರೂ ಹಾರಿಬೀಳುತ್ತಿದ್ದೆ. ಪಂಜರವನ್ನು ಎದುರು ಗೋಡೆಯಿಂದ ಕಿಟಕಿ ಕಾಣದ ಮೂಲೆಗೆ ಸರಿಸಿದೆ, ಕಿಟಕಿಗೆ ದಪ್ಪ ಪರದೆ ಹಾಕಿದೆ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಜಾಗ ಅಂದರೆ ಇಷ್ಟು: ಒಂದು ಕಡೆ ಗೋಡೆ ಇರಲಿ, ನಿಮ್ಮ ಎದೆಯ ಎತ್ತರದಲ್ಲಿರಲಿ, ಕಿಟಕಿ, ಫ್ರಿಜ್, ಟಿವಿ ಹತ್ತಿರ ಬೇಡ. ಅಡುಗೆಮನೆ ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಕರೆಂಟ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಹಕ್ಕಿಗೆ ಮಾತ್ರ ಇದ್ದ ಮಂದ ಬೆಳಕು ಒಮ್ಮೆಗೇ ಮಾಯವಾಗುವುದೂ ಕಷ್ಟ, ಕರೆಂಟ್ ಹೋದ ಕೂಡಲೇ ತಾನೇ ಧಗ್ಗನೆ ಹತ್ತಿಕೊಳ್ಳುವ ಎಮರ್ಜೆನ್ಸಿ ಲೈಟೂ ಕಷ್ಟ. ಹಕ್ಕಿ ಇರುವ ಕೋಣೆಯಿಂದ ಅದನ್ನು ತೆಗೆದುಬಿಡಿ. ಬದಲಿಗೆ ರಾತ್ರಿಯಿಡೀ ಉರಿಯುವ, ಚಾರ್ಜಿನಲ್ಲಿ ನಡೆಯುವ ಒಂದು ಸಣ್ಣ ದೀಪ ಇಡಿ. ಇನ್ವರ್ಟರ್ ಇದ್ದರೆ ಝೀರೋ ಬಲ್ಬ್ ಸಾಕು. ಪಂಜರದೊಳಗೆ ನೇರ ಬೀಳಬಾರದು, ಹಕ್ಕಿಗೆ ಕೋಲು ಕಾಣುವಷ್ಟು ಇದ್ದರೆ ಆಯಿತು. ಬಡ್ಜಿ ಮಾತ್ರ ಸಾಕಿದ್ದು, ಅವು ಕತ್ತಲಲ್ಲಿ ಆರಾಮಾಗಿದ್ದರೆ ಈ ದೀಪವೂ ಬೇಕಿಲ್ಲ.

ಬಟ್ಟೆ ಮುಚ್ಚಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಮುಚ್ಚಿ, ಆದರೆ ಮೂರು ಕಡೆ ಮಾತ್ರ. ಮುಂದಿನ ಕಡೆ ಸ್ವಲ್ಪ ತೆರೆದಿರಲಿ, ಗಾಳಿ ಆಡಬೇಕು. ಹಳೇ ಕಾಟನ್ ಬೆಡ್‌ಶೀಟ್ ಒಳ್ಳೆಯದು. ಕಂಬಳಿ, ಟರ್ಕಿ ಟವೆಲ್ ಬೇಡ, ದಾರಕ್ಕೆ ಉಗುರು ಸಿಕ್ಕಿಕೊಳ್ಳುತ್ತದೆ. ಎರಡು ಬೆಡ್‌ಶೀಟ್ ಇಟ್ಟುಕೊಳ್ಳಿ, ಯಾಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವ ಕಥೆ ನಿಮಗೇ ಗೊತ್ತು, ಒದ್ದೆ ಬಟ್ಟೆ ಹೊದಿಸಬಾರದು, ಒಲೆ ಮೇಲೆ ಒಣಗಿಸಿ ಹೊಗೆ ವಾಸನೆ ಹಿಡಿದದ್ದನ್ನೂ ಹೊದಿಸಬಾರದು. ಮುಚ್ಚಿದರೆ ಇನ್ನೂ ಗಾಬರಿಯಾಗುವ ಹಕ್ಕಿಗಳೂ ಇವೆ. ಅಂಥವಕ್ಕೆ ಒತ್ತಾಯ ಬೇಡ.

ಹೊಗೆ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಕ್ಕಿಯ ಉಸಿರಾಟ ನಮ್ಮ ಹಾಗಲ್ಲ. ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ, ಗಾಳಿಯಲ್ಲಿ ಏನಿದ್ದರೂ ನಮಗಿಂತ ಬೇಗ ತಾಗುತ್ತದೆ. ಡಿಸೆಂಬರ್ ಚಳಿಗೆ ಹಕ್ಕಿ ಪಕ್ಕ ಅಗ್ಗಿಷ್ಟಿಕೆ ಇಡುವವರನ್ನು ನೋಡಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಹಕ್ಕಿಗೆ ಮಾತ್ರ ಅಲ್ಲ, ನಿಮಗೂ ಜೀವಕ್ಕೆ ಅಪಾಯ. ಸೊಳ್ಳೆ ಬತ್ತಿ, ಸಾಂಬ್ರಾಣಿ, ಊದಿನಕಡ್ಡಿ ಹಕ್ಕಿಯ ಕೋಣೆಯಲ್ಲಿ ಬೇಡ. ಸೊಳ್ಳೆಗೆ ಪರದೆ ಕಟ್ಟಿ, ಆದರೆ ಸರಳಿಗೆ ತಾಗದ ಹಾಗೆ. ನಾನ್‌ಸ್ಟಿಕ್ ತವಾ ಬರಿದಾಗಿ ಕಾದರೆ ಬರುವ ಹೊಗೆಗೆ ನಿಮಿಷಗಳಲ್ಲಿ ಹಕ್ಕಿ ಸಾಯಬಹುದು. ಅಡುಗೆಮನೆ ಬೇಡ ಅಂದದ್ದು ಇದಕ್ಕೇ. ಚಳಿಗೆ ಗಾಳಿ ಬೀಸದ ಕೋಣೆ, ಮೂರು ಕಡೆ ಬಟ್ಟೆ, ಒಣಗಿದ ಜಾಗ ಇದ್ದರೆ ಆರೋಗ್ಯವಾಗಿರುವ, ಬೆಳೆದ ಹಕ್ಕಿ ನಮ್ಮೂರಿನ ಚಳಿ ತಡೆಯುತ್ತದೆ. ಗರಿ ಉಬ್ಬಿಸಿ, ಒಂದು ಕಾಲು ಮಡಚಿ, ತಲೆ ಹಿಂದೆ ತಿರುಗಿಸಿ ಮಲಗಿದ್ದರೆ ಚೆನ್ನಾಗಿದೆ ಅಂತಲೇ ಅರ್ಥ. ಹಗಲಲ್ಲೂ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ, ಉಸಿರಿಗೊಮ್ಮೆ ಬಾಲ ಅಲುಗಾಡುತ್ತಿದ್ದರೆ ಅದು ಚಳಿಯಲ್ಲ, ಕಾಯಿಲೆ.

ಮಲಗಿಸುವ ಹೊತ್ತು ದಿನಾ ಒಂದೇ ಇರಲಿ. 10ರಿಂದ 12 ಗಂಟೆಗಳ ಕಾಲ ಕತ್ತಲು, ನಿಶ್ಶಬ್ದ ಬೇಕು. ನಮ್ಮಲ್ಲಿ ಏಳಕ್ಕೆ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕುತ್ತೇವೆ, ಹಕ್ಕಿಗಳು ಮೇಲಿನ ಕೋಲು ಹತ್ತಿ ಜಗಳ ಮುಗಿಸಿಕೊಳ್ಳಲು ಕಾಲು ಗಂಟೆ, ಆಮೇಲೆ ಬಟ್ಟೆ. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ ಓಡುವ ಕೋಣೆಯಲ್ಲಿ ಹಕ್ಕಿ ಇಟ್ಟರೆ ನಿದ್ದೆಯೂ ಕೆಡುತ್ತದೆ, ಬೆಳಕಿನ ಹೊತ್ತು ಜಾಸ್ತಿಯಾಗಿ ಹೆಣ್ಣು ಹಕ್ಕಿ ಮೇಲಿಂದ ಮೇಲೆ ಮೊಟ್ಟೆ ಇಟ್ಟು ಸೊರಗುತ್ತದೆ. ಅಂಗಡಿಯಲ್ಲಿ ಮಲಗಲಿಕ್ಕೆ ಅಂತ ಕೊಡುವ ಮಣ್ಣಿನ ಮಡಕೆಯೂ ಅಷ್ಟೇ. ಅದು ಗೂಡು, ಹಾಸಿಗೆ ಅಲ್ಲ. ಮರಿ ಮಾಡಿಸುವುದಿಲ್ಲ ಅಂದರೆ ತೆಗೆಯಿರಿ.

ಕೋಲಿಗೆ ಸೀಬೆ ಕೊಂಬೆ ಚೆನ್ನಾಗಿರುತ್ತದೆ, ದಪ್ಪ ಸಣ್ಣ ಇರುವುದರಿಂದ ಪಾದಕ್ಕೆ ಹಿತ. ಕಾಫಿ ಗಿಡದ ಒಣ ಕೊಂಬೆಯೂ ಆಗುತ್ತದೆ, ಆದರೆ ಎಲೆ, ಹಣ್ಣು ಇರಬಾರದು, ಕೆಫೀನ್ ಹಕ್ಕಿಗೆ ವಿಷ. ತೋಟದಲ್ಲಿ ಬೋರ್ಡೋ (ಗಿಡದ ರೋಗಕ್ಕೆ ಸಿಂಪಡಿಸುವ ಔಷಧಿ) ಹೊಡೆದ ಗಿಡದ್ದು ತರಬೇಡಿ, ಅದರಲ್ಲಿ ಮೈಲುತುತ್ತ ಇರುತ್ತದೆ. ರಾತ್ರಿ ಹೊತ್ತು ಪಂಜರದ ನಡುವೆ ನೇತಾಡುವ ಗಂಟೆ, ಉಯ್ಯಾಲೆ ತೆಗೆದಿಡಿ. ಕೆಳಗೆ ಚೆಲ್ಲಿದ ನವಣೆ ಸಂಜೆಯೇ ಗುಡಿಸಿ, ಇಲ್ಲವಾದರೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ.

ಇಷ್ಟಾದರೂ ಗಾಬರಿ ಆಯಿತು ಅನ್ನಿ. ಮಾತಾಡಿಸಿ, ಮಂದ ದೀಪ ಹಾಕಿ, ಕೋಲಿಗೆ ವಾಪಸ್ ಹತ್ತುವವರೆಗೆ ಕಾಯಿರಿ. ಕೂಡಲೇ ಬಟ್ಟೆ ಮುಚ್ಚಬೇಡಿ. ಶಾಂತವಾದ ಮೇಲೆ ರೆಕ್ಕೆ, ಬಾಲ ನೋಡಿ. ಹೊಸದಾಗಿ ಬರುತ್ತಿರುವ ಗರಿಯೊಳಗೆ ರಕ್ತ ಇರುತ್ತದೆ, ಅದು ಮುರಿದರೆ ಸೋರುತ್ತದೆ. ಮುರಿದ ಗರಿಯ ತುದಿಗೆ ಸ್ವಲ್ಪ ಕಾರ್ನ್‌ಫ್ಲೋರ್ ಹಾಕಿ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಎದೆ ಅಮುಕಬೇಡಿ, ಉಸಿರು ಕಟ್ಟುತ್ತದೆ. ಐದು ನಿಮಿಷದಲ್ಲಿ ನಿಲ್ಲದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ಡಾಕ್ಟರ್ ಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ನಮ್ಮಿಂದ ಸುಮಾರು 60 ಕಿಲೋಮೀಟರ್. ಹೊರಡುವ ಮುಂಚೆ ಹಕ್ಕಿ ನೋಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಕರೆದುಕೊಂಡು ಹೋಗುವಾಗ ದೊಡ್ಡ ಪಂಜರ ಬೇಡ, ತೂತು ಮಾಡಿದ ರಟ್ಟಿನ ಡಬ್ಬಿಯ ತಳಕ್ಕೆ ಬಟ್ಟೆ ಹಾಸಿ ಕೂರಿಸಿ.