ಹಿತ್ತಲ ತಡೆಗೋಡೆ ಉಬ್ಬಿದಾಗ ಮಾಡಿದ್ದು

ಗದಗಿನ ನಮ್ಮ ಮನೆಯ ಹಿತ್ತಲಿಗೆ ಎರಡು ಮೀಟರ್ ಎತ್ತರದ ಕಲ್ಲಿನ ತಡೆಗೋಡೆ ಇದೆ. ಹಿಂದೆ ತುಂಬಿದ್ದು ಎರೆ ಮಣ್ಣು. ಕಳೆದ ಮಳೆಗಾಲದಲ್ಲಿ ಗೋಡೆ ನಡುವೆ ಉಬ್ಬಿತು. “ಸಿಮೆಂಟ್ ಜಾಸ್ತಿ ಹಾಕಿ ಬಿಗಿ ಮಾಡೂಣ್ರಿ” ಎಂದರು ಗೌಂಡಿ. ನಾನು ಒಪ್ಪಲಿಲ್ಲ. ತೊಂದರೆ ಕೊಡುತ್ತಿದ್ದದ್ದು ಹಿಂದೆ ನಿಂತ ನೀರು.

ಬೇಸಿಗೆಯಲ್ಲಿ ಎರೆ ಮಣ್ಣು ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಅದರೊಳಗೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿದರೆ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣಗಳು ಒಂದನ್ನೊಂದು ಒತ್ತಿ ಹಿಡಿದರೆ ತಾನೇ ಮಣ್ಣಿಗೆ ಬಲ? ನಡುವಿನ ನೀರಿನ ಒತ್ತಡ ಏರಿದಷ್ಟೂ ಆ ಹಿಡಿತ ಸಡಿಲ. ಮಣ್ಣಿನ ಬಲದ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು. ಸಾಲದ್ದಕ್ಕೆ ನೀರು ತಾನೂ ತಳ್ಳುತ್ತದೆ. ಎರಡು ಮೀಟರ್ ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2 ಟನ್. ಸುಮ್ನೆ ಅಲ್ಲ!

ಉಬ್ಬಿದ ಭಾಗ ಬಿಚ್ಚಿ ಮತ್ತೆ ಕಟ್ಟಿಸಿದೆ. ಹಿಂದಿನ ಎರೆ ಮಣ್ಣು ತೆಗೆಸಿ ಗರಸು (ಕೆಂಪು ಕಲ್ಲುಮಣ್ಣು) ತುಂಬಿಸಿದೆ. ಗೋಡೆಗೆ ತಾಗಿದಂತೆ ಒಂದಡಿ ದಪ್ಪ ಖಡಿ (ಜಲ್ಲಿ), ಖಡಿಗೂ ಗರಸಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಖರ್ಚು ಉಳಿಸಲು ಈ ಬಟ್ಟೆ ಬಿಡಬೇಡಿ. ಇಲ್ಲದಿದ್ದರೆ ಸಣ್ಣ ಮಣ್ಣು ಬಂದು ಖಡಿಯ ಸಂದೆಲ್ಲ ಕಟ್ಟಿಬಿಡುತ್ತದೆ. ಗೋಡೆಯಲ್ಲಿ ಐದೈದು ಅಡಿಗೊಂದು ಮೂರಿಂಚಿನ ಪಿವಿಸಿ ಪೈಪ್, ಹೊರಕ್ಕೆ ಸ್ವಲ್ಪ ಇಳಿಜಾರಾಗಿ. ಮೇಲಿನ ನೀರಿಗೆ ಬೇರೆ ಗಟಾರ.

ಈ ಸಲದ ಮಳೆಗೆ ಪೈಪುಗಳಲ್ಲಿ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಗೋಡೆ ಅಲುಗಿಲ್ಲ. ಮಳೆಗಾಲಕ್ಕೆ ಮುಂಚೆ ಪೈಪಿನ ಬಾಯಿಯ ಕಸ ತೆಗೆಯುವುದೊಂದೇ ಈಗ ಉಳಿದ ಕೆಲಸ.